ಬಿಳುಪಿಗೂ ಮುಪ್ಪು

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಫೋರ್ಡ್ ಮಸ್ಟಾಂಗ್ ಕಾರು ಜನರ ಮುಂದೆ ಬಂದಿತು. ಬಿಳಿಯ ಆಸನಗಳನ್ನು ಬಯಸಿದವರಿಗೆ ಅವೂ ದೊರೆಯುತ್ತಿದ್ದವು. ಇಂದು ಅಂಥದೊಂದು ಕಾರಿನ ಬಾಗಿಲನ್ನು ತೆರೆದರೆ ಹಳೆಯ ದಂತದ ಬಣ್ಣ ಎದುರಾಗುವುದೇ ಹೆಚ್ಚು.

ಇದೆಲ್ಲವೂ ಕೊಳೆಯೆಂದು ಬಗೆದು ಉಜ್ಜತೊಡಗುವುದು ಮೊದಲ ತಪ್ಪು. ಆ ಹೊದಿಕೆ ಚರ್ಮವಲ್ಲ, ವಿನೈಲ್. ಬಿಸಿಲೂ ಶಾಖವೂ ಅದರ ಅಣುಸರಪಳಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಕಳಚುತ್ತವೆ. ಹಾಗೆ ಮಾರ್ಪಟ್ಟ ಸರಪಳಿಯೇ ಹಳದಿಯಾಗಿ ಕಾಣುತ್ತದೆ. ಸೋಪಿನ ನೀರಿಗೂ ಮೆತ್ತನೆಯ ಕುಂಚಕ್ಕೂ ಬಿಡುವುದು ಮೇಲಣ ಕೊಳೆ ಮಾತ್ರ. ಬ್ಲೀಚಿಂಗ್ ನೀರನ್ನು ಸುರಿದರೆ ಹೊಲಿಗೆಯ ನೂಲೇ ಶಿಥಿಲವಾದೀತು.

ಉಳಿದ ದಾರಿ ಬಣ್ಣ. ಜಿಡ್ಡನ್ನು ಪೂರ್ತಿ ತೆಗೆದು, ವಿನೈಲಿಗೆ ತಕ್ಕ ಬಣ್ಣವನ್ನು ತೆಳುವಾಗಿ ಹಲವು ಸಲ ಸಿಂಪಡಿಸಬೇಕು. ಒಮ್ಮೆಗೇ ದಪ್ಪವಾಗಿ ಬಳಿದರೆ, ಚರ್ಮದಂತೆ ಕಾಣಲೆಂದು ಅಚ್ಚೊತ್ತಿದ ಸಣ್ಣ ಗೆರೆಗಳು ಮುಚ್ಚಿಹೋಗಿ, ಕುಳಿತಲ್ಲಿ ಬಿರುಕು ಬಿಡುತ್ತದೆ.

ಆದರೆ ಯಾವ ಬಿಳುಪು? ಕಷ್ಟವೆಲ್ಲ ಇರುವುದು ಇಲ್ಲಿಯೇ. ಡಬ್ಬಿಯ ಅಚ್ಚಬಿಳುಪನ್ನು ಹೊತ್ತ ಆಸನ ಆಸ್ಪತ್ರೆಯ ಗೋಡೆಯಂತೆ ಕಣ್ಣನ್ನು ಚುಚ್ಚುತ್ತದೆ. ನನ್ನನ್ನು ಕೇಳಿದರೆ ಹಳದಿಯೇ ವಾಸಿ. ಬಲ್ಲವರು ಆಸನವನ್ನು ಬಿಚ್ಚಿ, ಬೆಳಕು ಕಾಣದ ಅಡಿಯ ಮಡಿಕೆಯೊಂದನ್ನು ಹುಡುಕುತ್ತಾರೆ. ಮೊದಲ ಬಣ್ಣಕ್ಕೆ ಹತ್ತಿರವಾದುದು ಉಳಿದಿದ್ದರೆ ಅಲ್ಲಿಯೇ. ಅದನ್ನು ಹಗಲ ಬೆಳಕಿನಲ್ಲಿ ನೋಡಿ, ಬಿಳಿಗೆ ತೊಟ್ಟು ಹಳದಿಯನ್ನೋ ಬೂದುಬಣ್ಣವನ್ನೋ ಬೆರೆಸಿ ಹೊಂದಿಸಬೇಕು. ಆ ಮಡಿಕೆಗೆ ಮಾತ್ರ ಬಣ್ಣ ತಾಗಿಸಬಾರದು. ಇನ್ನೊಮ್ಮೆ ಬಿಚ್ಚುವವನಿಗೂ ಸಾಕ್ಷಿ ಬೇಕಲ್ಲ!