ಅಳತೆಯ ಪಾಠವು ಅಂಗಳದಲ್ಲಿ

ಸುತ್ತಳತೆ, ಕ್ಷೇತ್ರಫಲ, ಘನಫಲಗಳ ಸೂತ್ರಗಳನ್ನು ನಮ್ಮ ಮಕ್ಕಳು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆದರೆ ಬೇಲಿಗೆ ಯಾವುದು ಬೇಕು, ಬಿತ್ತನೆಗೆ ಯಾವುದು ಬೇಕು ಎಂದು ಕೇಳಿದೊಡನೆ ಉಪಾಧ್ಯಾಯರ ಮುಖವನ್ನು ನೋಡುತ್ತಾರೆ. ದೋಷವು ಮಕ್ಕಳದಲ್ಲ, ವಸ್ತುವನ್ನು ಕಾಣಿಸುವ ಮೊದಲೇ ಸೂತ್ರವನ್ನು ಕಲಿಸುವ ಕ್ರಮದ್ದು.

ಬೇಕಾದ ಉಪಕರಣಗಳಾದರೋ ಒಂದು ಹಗ್ಗ ಮತ್ತು ಶಾಲೆಯ ಅಂಗಳ. 24 ಅಡಿಯ ಹಗ್ಗದ ತುದಿಗಳನ್ನು ಗಂಟಿಕ್ಕಿ ನಾಲ್ವರು ಮಕ್ಕಳು ಮೂಲೆಗಳಲ್ಲಿ ಹಿಡಿದು ನಿಲ್ಲಲಿ. 6 ಅಡಿಯ ಚೌಕವಾದಾಗ ಒಳಗಿನ ನೆಲವು 36 ಚದರ ಅಡಿ. 8 ಅಡಿ ಉದ್ದ, 4 ಅಡಿ ಅಗಲವಾದಾಗ 32. 11 ಅಡಿ ಉದ್ದ, 1 ಅಡಿ ಅಗಲವಾದಾಗ ಬರಿಯ 11. ಹಗ್ಗವು ಒಂದಂಗುಲವೂ ಕಡಮೆಯಾಗಲಿಲ್ಲ, ನೆಲವೆಲ್ಲಿ ಹೋಯಿತು? ಈ ಪ್ರಶ್ನೆಯು ಮಗುವಿನ ಬಾಯಿಂದಲೇ ಹೊರಡಬೇಕು. ಅಲ್ಲಿಯವರೆಗೆ ಸುಮ್ಮನಿರುವುದು ಉಪಾಧ್ಯಾಯರಿಗೆ ಎಲ್ಲಕ್ಕಿಂತ ಕಷ್ಟವಾದ ವಿದ್ಯೆಯೆಂಬುದನ್ನು ನಾವು ಬಲ್ಲೆವು.

ಇದನ್ನು ಮಕ್ಕಳಾಟವೆಂದು ಕಡೆಗಣಿಸಕೂಡದು. ಶಾಲೆಯಲ್ಲಿ ಮೀಟರನ್ನು ಕಲಿಸುತ್ತಿದ್ದರೂ ಪಹಣಿಯಲ್ಲಿ ಇಂದಿಗೂ ಬರೆಯುವುದು ಎಕರೆ ಗುಂಟೆಗಳನ್ನೇ. 33 ಅಡಿಯ ಚೌಕವು ಒಂದು ಗುಂಟೆ, ಎಂದರೆ 1089 ಚದರ ಅಡಿ. ಆದರೆ ನಾಲ್ಕು ಬದಿಗಳೂ 33 ಅಡಿಯಾಗಿದ್ದು, ನೆಲವು ವಾರೆಯಾಗಿ, ಎದುರುಬದುರಿನ ಬದುಗಳ ನಡುವಣ ನೇರ ಅಂತರವು 20 ಅಡಿ ಮಾತ್ರವೇ ಇದ್ದರೆ ಅದು 660 ಚದರ ಅಡಿಯಷ್ಟೆ. ಬದುವನ್ನು ಸುತ್ತಿ ಅಳೆದು ಗುಂಟೆಯ ಬೆಲೆಯನ್ನು ತೆತ್ತ ಬಡ ರೈತನು ಸುಮಾರು ಐದರಲ್ಲಿ ಎರಡು ಪಾಲನ್ನು ಕಳೆದುಕೊಂಡಂತಾಯಿತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ವ್ಯಾವಹಾರಿಕ ಫಲವೇ ಬೇರೆ, ಸೂಕ್ಷ್ಮ ಫಲವೇ ಬೇರೆಯೆಂದು ವಿಂಗಡಿಸಿದನು. ಎದುರು ಬದಿಗಳ ಸರಾಸರಿಗಳನ್ನು ಗುಣಿಸುವುದು ವ್ಯಾವಹಾರಿಕ ಕ್ರಮ. ಮೇಲಿನ ವಾರೆ ನೆಲಕ್ಕೆ ಅದು 1089 ಎಂದೇ ಹೇಳುತ್ತದೆ. ಸಾವಿರ ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿಯೇ ತಿಳಿದಿದ್ದ ಈ ಭೇದವು ನಮ್ಮ ಮಕ್ಕಳಿಗೆ ತಿಳಿಯದಿರುವುದು ನಾಚಿಕೆಯ ವಿಷಯ.

ಘನಫಲಕ್ಕೆ ಜೇಡಿಮಣ್ಣು ಸಾಕು. ಒಂದಂಗುಲದ ಗಟ್ಟಿಗಳನ್ನು ಮಾಡಿಸಿ, ಎರಡಂಗುಲದ ಗಟ್ಟಿಗೆ ಎಷ್ಟು ಬೇಕೆಂದು ಕೇಳಿರಿ. ಎರಡೆನ್ನುವರು, ನಾಲ್ಕೆನ್ನುವರು, ಜೋಡಿಸಿದ ಮೇಲೆ ಎಂಟೆಂದು ಕಾಣುವರು. ಆಮೇಲೆ ಶಾಲೆಯ ತೋಟದಲ್ಲಿ ಗೊಬ್ಬರದ ಗುಂಡಿಯನ್ನು ತೋಡಿಸಬಹುದು. ಮಣ್ಣಗೆಯುವ ಕೂಲಿಯವರು ಗುಂಡಿಯ ನಡುವೆ ಸಾಕ್ಷಿಗಾಗಿ ಒಂದು ಮಣ್ಣಿನ ದಿಂಡನ್ನು ಉಳಿಸಿ ಆಳವನ್ನು ತೋರಿಸುವರು. ಅವರ ಕೂಲಿಯು ನಿಂತಿರುವುದು ಅದರ ಮೇಲೆ. ಕೈಕೆಲಸದ ಮೂಲಕ ವಿದ್ಯೆಯೆಂದು 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ಯೋಜನೆಯು ಇದಕ್ಕೆ ದೂರವಾದುದಲ್ಲ. ಶಾಲೆಗಳ ತನಿಖೆಗೆ ಹೋಗುವ ಅಧಿಕಾರಿಗಳು ಹಾಜರಿ ಪುಸ್ತಕಕ್ಕೆ ಮೊದಲು ಹಗ್ಗವನ್ನು ತರಿಸಿ ನೋಡಲಿ.