ಗೀಸರ್ ರಿಪೇರಿ: ಕೆಟ್ಟಿದ್ದು ಯಾವುದು, ಕೆಡಿಸಿದ್ದು ಯಾವುದು

ನಾಸಿಕ್ ಜಿಲ್ಲೆಯ ನಿಫಾಡದ ಉಷ್ಣಾಂಶ ಒಂದಂಕಿಗೆ ಇಳಿದ ಸುದ್ದಿ ಬರತೊಡಗಿತೆಂದರೆ ನಾಸಿಕ್‌ನ ಗೀಸರ್ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಬೇಸಿಗೆಯಿಡೀ ಸುಮ್ಮನಿದ್ದ ಗೀಸರ್‌ಗಳ ಸ್ವಿಚ್ ಎಲ್ಲ ಮನೆಗಳಲ್ಲೂ ಒಟ್ಟಿಗೇ ಹಾಕುತ್ತಾರೆ. ಶವರ್ ತಿರುಗಿಸಿದರೆ ಬರುವುದು ಮಾತ್ರ ತಣ್ಣೀರು.

ಬಲ್ಲ ಮೆಕ್ಯಾನಿಕ್ ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆಯುವುದಿಲ್ಲ, ಮೊದಲು ವಿಚಾರಿಸುತ್ತಾನೆ. ಕೆಂಪು ದೀಪ ಹತ್ತುತ್ತದೆಯೇ? ಎಂಸಿಬಿ ಬೀಳುತ್ತದೆಯೇ? ನೀರು ಸ್ವಲ್ಪವೂ ಕಾಯುವುದಿಲ್ಲವೋ, ಇಲ್ಲ ಕುದಿಯುವಷ್ಟು ಕಾದು ಆಮೇಲೆ ನಿಂತಿತೋ? ಈ ಕೊನೆಯ ಪ್ರಶ್ನೆಗೆ ಮನೆಯವರು ಕೊಡುವ ಉತ್ತರದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ನಂತರ ಸಾಕೆಟ್. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಪ್ಲಗ್ಗಿನ ಪಿನ್ ಸಡಿಲವಿದ್ದರೆ ಅಲ್ಲಿಯೇ ಬಿಸಿಯೇರಿ ಪ್ಲಾಸ್ಟಿಕ್ ಕರಗುತ್ತದೆ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಇಲ್ಲಿ ಟೆಸ್ಟರ್ ಒಂದನ್ನೇ ನಂಬಿದವರು ಮೋಸ ಹೋಗುತ್ತಾರೆ. ನ್ಯೂಟ್ರಲ್ ತಂತಿ ಕಡಿದಿದ್ದರೂ ಫೇಸಿನಲ್ಲಿ ಟೆಸ್ಟರ್ ಹೊಳೆಯುತ್ತದೆ. ನೀರು ಮಾತ್ರ ಕಾಯುವುದಿಲ್ಲ. ಅದಕ್ಕೇ ಅನುಭವಿಗಳು ಫೇಸ್ ಮತ್ತು ನ್ಯೂಟ್ರಲ್ ನಡುವೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡುತ್ತಾರೆ.

ಮುಂದಿನದೆಲ್ಲ ಮೇನ್ ಆಫ್ ಮಾಡಿದ ಮೇಲೆ. ಮುಚ್ಚಳ ಬಿಚ್ಚಿದರೆ ಕರೆಂಟಿನ ದಾರಿ ಕಾಣುತ್ತದೆ: ಥರ್ಮೋಸ್ಟ್ಯಾಟ್, ನೀರು ಅತಿಯಾಗಿ ಕಾದರೆ ಕರೆಂಟು ಕಡಿಯುವ ಕಟೌಟ್, ಕಾಯಿಲ್. ತಂತಿ ಬಿಡಿಸಿ ಕಾಯಿಲಿನ ಎರಡು ತುದಿಗೆ ಮೀಟರ್ ಹಿಡಿದರೆ, 2 ಕಿಲೋವ್ಯಾಟಿನದಾದರೆ ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ತುದಿಗೂ ಕಾಯಿಲಿನ ಲೋಹದ ಮೈಗೂ ಸಂಪರ್ಕ ತೋರಿಸಿದರೆ ಅದು ಅಪಾಯದ ಕಾಯಿಲ್, ಬದಲಿಸಲೇಬೇಕು. ತಣ್ಣಗಿದ್ದಾಗ ಥರ್ಮೋಸ್ಟ್ಯಾಟ್ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಬೇಕು. ಹತ್ತೇ ನಿಮಿಷದಲ್ಲಿ ಕೆಟ್ಟ ಭಾಗ ಸಿಕ್ಕಿಬಿಡುತ್ತದೆ.

ನನಗೆ ಗೌರವ ಹುಟ್ಟುವುದು ಅಲ್ಲಿಗೇ ನಿಲ್ಲಿಸದವರನ್ನು ಕಂಡಾಗ. ಕಟೌಟ್ ಬಿದ್ದಿದ್ದರೆ ಅದರ ಗುಂಡಿ ಒತ್ತಿ ದುಡ್ಡು ಇಸಿದುಕೊಂಡು ಹೋಗುವುದು ಸುಲಭ. ಕಟೌಟನ್ನೇ ತಪ್ಪಿಸಿ ತಂತಿಯನ್ನು 'ಡೈರೆಕ್ಟ್' ಮಾಡುವವರೂ ಇದ್ದಾರೆ. ಅದು ಜೀವಕ್ಕೆ ಕುತ್ತು ತರುವ ಕೆಲಸ. ಕಟೌಟ್ ಯಾಕೆ ಬಿತ್ತು ಎಂದು ಹುಡುಕಿದರೆ ಥರ್ಮೋಸ್ಟ್ಯಾಟಿನ ಪಾಯಿಂಟು ಅಂಟಿಕೊಂಡಿರಬಹುದು, ಇಲ್ಲವೇ ಅದರ ಕೊಳವೆಯ ಸುತ್ತ ಸುಣ್ಣ ಕಟ್ಟಿ ನೀರಿನ ಬಿಸಿ ಅದಕ್ಕೆ ತಡವಾಗಿ ತಲುಪುತ್ತಿರಬಹುದು.

ಛತ್ರಪತಿ ಸಂಭಾಜಿನಗರದಲ್ಲಿ ಈ ಹುಡುಕಾಟ ನೇರ ನೀರಿಗೇ ಬಂದು ಮುಟ್ಟುತ್ತದೆ. ನಾಸಿಕ್‌ಗೆ ಗಂಗಾಪುರ ಅಣೆಕಟ್ಟಿನಿಂದ, ಸಂಭಾಜಿನಗರಕ್ಕೆ ಪೈಠಣದ ಜಾಯಕವಾಡಿಯಿಂದ, ಎರಡು ಊರಿಗೂ ಗೋದಾವರಿಯದೇ ನೀರು. ಆದರೆ ಸಂಭಾಜಿನಗರದ ಎಷ್ಟೋ ಬಡಾವಣೆಗಳು ವರ್ಷಗಟ್ಟಲೆ ಹಲವು ದಿನಕ್ಕೊಮ್ಮೆ ಬರುವ ನಲ್ಲಿಯನ್ನೇ ಕಾದಿವೆ. ನಡುವಿನ ದಿನಗಳಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್. ಬಸಾಲ್ಟ್ ಬಂಡೆಯ ಕೆಳಗಿನ ಬೋರ್ ನೀರು ಸಾಮಾನ್ಯವಾಗಿ ಗಡಸು. ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ ಕಾಯಿಲಿಗೆ ಗಟ್ಟಿ ಬಿಳಿ ತೊಗಟೆಯಂತೆ ಹತ್ತುತ್ತದೆ. ಕಾಯಿಲಿನ ಶಾಖ ನೀರಿಗೆ ಹೋಗದೆ ಒಳಗೇ ಉಳಿದು ಕಾಯಿಲ್ ಸುಟ್ಟುಹೋಗುತ್ತದೆ.

ಇನ್ನೊಂದು ಅಪಾಯ ಖಾಲಿ ಪೈಪಿನದು. ಮೇಲಿನ ಟ್ಯಾಂಕ್ ಬರಿದಾದಾಗ ನೀರು ಒಳಬರುವ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಗೀಸರಿನ ನೀರು ಹಿಂದಕ್ಕೆ ಇಳಿದುಹೋಗಬಹುದು. ಅದು ಗೊತ್ತಿಲ್ಲದೆ ಸ್ವಿಚ್ ಹಾಕಿದರೆ ಕಾಯಿಲ್ ಒಣಗಿಯೇ ಕಾಯುತ್ತದೆ. ಇಂಥ ಊರಲ್ಲಿ ವಾಲ್ವ್ ಪರೀಕ್ಷಿಸದೆ ಹೊಸ ಕಾಯಿಲ್ ಹಾಕುವುದು ಗಿರಾಕಿಯ ದುಡ್ಡು ನೀರಿಗೆ ಹಾಕಿದಂತೆ.

ಕಾಯಿಲ್ ಚೆನ್ನಾಗಿದ್ದು ಸುಣ್ಣ ಮಾತ್ರ ಕಟ್ಟಿದ್ದರೆ ಹರಿತ ಉಪಕರಣದಿಂದ ಕೆರೆಯಬಾರದು, ತಾಮ್ರದ ಮೈ ಗಾಯವಾಗುತ್ತದೆ. ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಹಾಕಿದರೆ ಗುಳ್ಳೆಯೆದ್ದು ತೊಗಟೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಟ್ಯಾಂಕಿನ ಬದಲು ತಾನೇ ಸವೆದುಹೋಗುವ ಮೆಗ್ನೀಸಿಯಂ ಆನೋಡ್ ಕಡ್ಡಿಯನ್ನೂ ಆಗಲೇ ನೋಡಿಬಿಡುತ್ತಾರೆ. ಅದು ತೀರಾ ತೆಳ್ಳಗಾಗಿ ಹೊಂಡ ಹೊಂಡವಾಗಿದ್ದರೆ ಹೊಸದು.

ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಬಿಗಿಯುತ್ತಾರೆ. ಬಿಸಿನೀರಿನ ನಲ್ಲಿ ತೆರೆದು ಗಾಳಿಯೆಲ್ಲ ಹೋಗಿ ಧಾರೆ ಒಂದೇ ಸಮ ಬರುವವರೆಗೆ ಸ್ವಿಚ್ ಮುಟ್ಟುವುದಿಲ್ಲ. 15 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಲು 2 ಕಿಲೋವ್ಯಾಟ್ ಗೀಸರಿಗೆ 21 ನಿಮಿಷದಷ್ಟು ಬೇಕು. ಒಳ್ಳೆಯ ಮೆಕ್ಯಾನಿಕ್ ಅಷ್ಟೂ ಹೊತ್ತು ಕಾಯುತ್ತಾನೆ; ಥರ್ಮೋಸ್ಟ್ಯಾಟ್ ತಾನಾಗಿ ಟಕ್ಕೆಂದು ಕಡಿದು ದೀಪ ಆರಿದ ಮೇಲೆಯೇ ಚೀಲ ಕಟ್ಟುತ್ತಾನೆ.