ಸಿಮೆಂಟಿನ ಹೊಗೆ, ಪೆನ್ಸಿಲಿನ ಕಪ್ಪು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನರಿಯದ ಗೃಹಸ್ಥನಿಲ್ಲ. ಈ ಲೇಖಕನು ಎರಡನ್ನೂ ಮಾಡಿ ನೋಡಿರುವನು. ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆಯ ಹಳೆಯ ಓಣಿಗಳಿಗೆ ಏರಿ ಬಂದಾಗ, ಹಿರಿಯರು ಬಾಳಿದ ಮಣ್ಣಿನ ಮಾಳಿಗೆಯ ಮನೆಯನ್ನು ತೊರೆದು, ಇತರ ಸಾವಿರಾರು ಕುಟುಂಬಗಳಂತೆ ನಾವೂ ನವನಗರವನ್ನು ಸೇರಿದೆವು. ಪರಿಹಾರದ ಹಣಕ್ಕೆ ಮನೆಯಾಕೆಯ ಬಂಗಾರವನ್ನೂ ಕೂಡಿಸಿ ಸಿಮೆಂಟಿನ ಮನೆಯನ್ನು ಕಟ್ಟಿಸಿದ್ದಾಯಿತು. ಮೂರನೆಯ ಮಳೆಗಾಲದಲ್ಲಿಯೇ ದೇವರ ಕೋಣೆ ಸೋರಿತು. ಹನಿ ಬೀಳುವಲ್ಲಿ ತಪ್ಪೇಲಿಯನ್ನಿಡುತ್ತ ನಮ್ಮ ತಾಯಿಯವರು, "ಮಣ್ಣಿನ ಮನಿ ಸೋರಲಿಲ್ಲ, ಸಿಮೆಂಟಿನ ಮನಿ ಸೋರಿತಲ್ಲೋ ತಮ್ಮಾ!" ಎಂದು ನುಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿರುವುದು.

ಈಗ ಮಗನ ಸಂಸಾರಕ್ಕಾಗಿ ಅದೇ ಮನೆಯ ಮೇಲೆ ಎರಡು ಕೋಣೆಗಳನ್ನು ಕಟ್ಟಿಸುವ ಪ್ರಸಂಗವು ಒದಗಿತು. ಅಣ್ಣನ ಮಗನು ಕಟ್ಟಡದ ಎಂಜಿನಿಯರನು. ಅವನು ನಗುತ್ತ, "ಕಾಕಾ, ನೀವು ಸಾಲಿಯಾಗ ಹಿಡೀತಿದ್ದ ಪೆನ್ಸಿಲಿನ ಕಪ್ಪು ಈಗ ಕಾಂಕ್ರೀಟಿನಾಗೂ ಬೀಳಲಿಕ್ಕ ಹತ್ತೈತ್ರಿ" ಎಂದನು. ಆ ಮಾತಿನ ಬೆನ್ನು ಹತ್ತಿ ನಾನು ತಿಳಿದುಕೊಂಡುದನ್ನೇ ಇಲ್ಲಿ ವಾಚಕರ ಮುಂದಿಡುತ್ತಿರುವೆನು.

ಮೊದಲು ಸಿಮೆಂಟಿನ ಹುಟ್ಟನ್ನು ನೋಡೋಣ. ಸುಣ್ಣವೆಂಬ ನಮ್ಮ ಮಾತು ಸಂಸ್ಕೃತದ ಚೂರ್ಣ ಶಬ್ದದ ತದ್ಭವವು. ಸಿಮೆಂಟು ಆ ಚೂರ್ಣದ ಮನೆತನಕ್ಕೇ ಸೇರಿದುದು. ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಅರೆದು ಸುಮಾರು 1450 ಡಿಗ್ರಿ ಉಷ್ಣದ ಭಟ್ಟಿಯಲ್ಲಿ ಬೇಯಿಸಿ, ಬೆಂದ ಗಟ್ಟಿಗಳಿಗೆ ತುಸು ಜಿಪ್ಸಮ್ಮನ್ನು ಸೇರಿಸಿ ಮತ್ತೆ ಅರೆದರೆ ಸಿಮೆಂಟಾಗುವುದು. ಕಲಾದಗಿಯ ಹೆಸರನ್ನೇ ಭೂಶಾಸ್ತ್ರಜ್ಞರು ನಮ್ಮ ಸೀಮೆಯ ಶಿಲಾಸಮೂಹಕ್ಕೆ ಇಟ್ಟಿರುವರು. ಆ ಸಮೂಹದಲ್ಲಿ ಸುಣ್ಣದ ಕಲ್ಲು ಹೇರಳವಾಗಿರುವುದರಿಂದಲೇ ಬಾಗಲಕೋಟೆಯಲ್ಲಿ ಸಿಮೆಂಟಿನ ಕಾರಖಾನೆ ಹುಟ್ಟಿತು. 2009ರಲ್ಲಿ ಮುಧೋಳ ತಾಲೂಕಿನ ಮುದ್ದಾಪುರದಲ್ಲಿಯೂ ಒಂದು ದೊಡ್ಡ ಕಾರಖಾನೆ ಕೆಲಸವನ್ನಾರಂಭಿಸಿತು. ಅನೇಕ ಮನೆಗಳ ಒಲೆಗಳು ಈ ಉದ್ಯೋಗದಿಂದ ಉರಿಯುತ್ತಿರುವವು.

ಆದರೆ ಇದರಲ್ಲೊಂದು ತೊಡಕುಂಟು. ನೂರು ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣವು ಉಳಿದು, 44 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹೋಗುವುದು. ಇದು ಕಲ್ಲಿನ ಒಡಲಿನಲ್ಲಿಯೇ ಇದ್ದ ಅನಿಲ. ಭಟ್ಟಿಗೆ ಎಷ್ಟು ಶುದ್ಧವಾದ ಉರುವಲನ್ನು ಹಾಕಿದರೂ ಇದು ತಪ್ಪದು. ಉರುವಲಿನ ಹೊಗೆ ಇದಕ್ಕೆ ಬೇರೆ ಕೂಡಿಕೊಳ್ಳುವುದು. ಎರಡನ್ನೂ ಸೇರಿಸಿದರೆ ಸಾವಿರ ಕಿಲೋ ಸಿಮೆಂಟಿಗೆ ಸರಾಸರಿ 600 ಕಿಲೋದಷ್ಟು, ಎಂದರೆ 50 ಕಿಲೋದ ಒಂದು ಚೀಲಕ್ಕೆ ಸುಮಾರು 30 ಕಿಲೋ ಅನಿಲವಾಯಿತು. ಜಗತ್ತಿನ ಮನುಷ್ಯರೆಲ್ಲ ಸೇರಿ ಗಾಳಿಗೆ ಬಿಡುವ ಈ ಅನಿಲದಲ್ಲಿ ಶೇಕಡಾ 7-8ರಷ್ಟು ಪಾಲು ಸಿಮೆಂಟಿನದು. ಭೂಮಿಯ ಕಾವೇರುವುದಕ್ಕೂ ಮಳೆಯು ಹೊತ್ತುಗೆಡುವುದಕ್ಕೂ ಈ ಅನಿಲವು ಕಾರಣವೆಂಬುದನ್ನು ವಾಚಕರು ಬಲ್ಲರು. ಆದುದರಿಂದ ಕಡಿಮೆ ಸಿಮೆಂಟಿನಿಂದ ಹೆಚ್ಚು ಗಟ್ಟಿಯಾದ ಕಟ್ಟಡವನ್ನು ಕಟ್ಟುವ ಬಗೆಯೇನೆಂದು ಪಂಡಿತರು ಹುಡುಕಹತ್ತಿರುವರು.

ಇಲ್ಲಿಗೆ ಪೆನ್ಸಿಲಿನ ಕಪ್ಪು ಬಂದಿತು. ಅದು ಸೀಸವಲ್ಲ, ಗ್ರಾಫೈಟ್ ಎಂಬ ಇಂಗಾಲ. ಇಂಗಾಲವೆಂಬ ಮಾತೂ ಸಂಸ್ಕೃತದ ಅಂಗಾರದಿಂದ ಪ್ರಾಕೃತದ ಹಾದಿಯಾಗಿ ಬಂದುದೇ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಹಾಳೆಯ ಮೇಲೆ ಹಾಳೆಯಿಟ್ಟಂತೆ ಇರುವವು. ಕಾಗದದ ಮೇಲೆ ಗೀಚಿದಾಗ ಉಳಿಯುವುದು ಆ ಹಾಳೆಗಳ ಚೂರುಗಳೇ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಎಂಬವರು ಸಾಮಾನ್ಯವಾದ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿಸುಲಿದು, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು ಬೇರ್ಪಡಿಸಿದರು. ಇದಕ್ಕೆ ಗ್ರಾಫೀನ್ ಎಂದು ಹೆಸರು. ಇಂಥ ಸುಮಾರು 30 ಲಕ್ಷ ಹಾಳೆಗಳನ್ನು ಪೇರಿಸಿದರೆ ಒಂದು ಮಿಲಿಮೀಟರು ಆಗುವುದು. ಇಷ್ಟು ತೆಳುವಾಗಿದ್ದರೂ ಅದರ ಬಿಗುವು ಉಕ್ಕನ್ನು ಮೀರಿದುದು. ಇಬ್ಬರಿಗೂ 2010ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

2018ರಲ್ಲಿ ಅದೇ ದೇಶದ ಎಕ್ಸಿಟರ್ ವಿಶ್ವವಿದ್ಯಾಲಯದವರು ಗ್ರಾಫೀನನ್ನು ನೀರಿನಲ್ಲಿ ಕದಡಿ, ಆ ನೀರಿನಿಂದ ಕಾಂಕ್ರೀಟನ್ನು ಕಲಸಿದರು. ಅವರ ಪರೀಕ್ಷೆಯಲ್ಲಿ ಅದರ ಭಾರ ತಾಳುವ ಶಕ್ತಿಯು ಶೇಕಡಾ 146ರವರೆಗೆ ಹೆಚ್ಚಿತು. ನೀರು ಒಳನುಸುಳುವುದೂ ಬಹಳವಾಗಿ ತಗ್ಗಿತು. 2021ರಲ್ಲಿ ಎಮ್ಸ್‌ಬರಿ ಎಂಬ ಊರಿನ ವ್ಯಾಯಾಮಶಾಲೆಯೊಂದರ ನೆಲವನ್ನೇ ಗ್ರಾಫೀನ್ ಸೇರಿದ ಕಾಂಕ್ರೀಟಿನಿಂದ ಹಾಕಿದರು.

ಇಷ್ಟು ಅಲ್ಪವಾದ ವಸ್ತು ಇಷ್ಟು ದೊಡ್ಡ ಕೆಲಸವನ್ನು ಹೇಗೆ ಮಾಡೀತು? ಇಳಕಲ್ಲಿನ ಸೀರೆಯನ್ನು ನೆನೆಯಿರಿ. ನೇಕಾರನು ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕುವನು. ಕೊಂಡಿಯು ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಸೆರಗು ನಿಂತಿರುವುದು ಅದರಿಂದಲೇ. ಸಿಮೆಂಟಿಗೆ ನೀರು ಸೋಂಕಿದಾಗ ಅದರೊಳಗೆ ಸೂಕ್ಷ್ಮವಾದ ಹರಳುಗಳೂ ಅಂಟಿನಂಥ ಪದಾರ್ಥವೂ ಬೆಳೆಯುವವು. ಗ್ರಾಫೀನಿನ ಹಾಳೆಗಳು ಆ ಬೆಳವಣಿಗೆಗೆ ನೆಲೆಯನ್ನು ಕೊಟ್ಟು, ಒಂದನ್ನೊಂದು ಒತ್ತಾಗಿ ಹೆಣೆಯುವವು. ಎಳೆಬಿರುಕು ಮುಂದೆ ಸಾಗದಂತೆ ಅಡ್ಡಗಟ್ಟುವವು.

ಹಾಗೆಂದು ನಾಳೆಯೇ ಪೇಟೆಗೆ ಹೋಗಿ ಗ್ರಾಫೀನನ್ನು ಕೊಂಡು ತರುವಂತಿಲ್ಲ. ಬೆಲೆಯು ಇನ್ನೂ ಹೆಚ್ಚು. ಹಾಳೆಗಳು ಒಂದಕ್ಕೊಂದು ಅಂಟಿ ಗಂಟಾದರೆ ಗುಣಕ್ಕೆ ಬದಲು ದೋಷವಾಗುವುದು. ಹಲವು ದಶಕಗಳ ಬಿಸಿಲು-ಮಳೆಗಳ ಪರೀಕ್ಷೆಯೂ ಆಗಬೇಕಾಗಿದೆ. ಅದಕ್ಕಿಂತ ಮೊದಲು ಕೈಗೆಟಕುವ ಮಾರ್ಗಗಳು ಬೇರೆ ಇರುವವು. ಕೂಡಗಿ, ಶಕ್ತಿನಗರಗಳಂಥ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಶೇಕಡಾ 15ರಿಂದ 35ರವರೆಗೆ ಬೆರೆಸಿದ ಸಿಮೆಂಟು ನಮ್ಮ ಅಂಗಡಿಗಳಲ್ಲಿಯೇ ಸಿಕ್ಕುವುದು. ಸುಟ್ಟ ಜೇಡಿಮಣ್ಣನ್ನೂ ಸುಡದ ಸುಣ್ಣಕಲ್ಲನ್ನೂ ಬೆರೆಸಿ ಮಾಡುವ ಹೊಸ ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕವೂ ದೊರೆತಿರುವುದು.

ಇನ್ನೊಂದು ಮಾರ್ಗವು ಗೃಹಸ್ಥನ ಕೈಯಲ್ಲಿಯೇ ಇರುವುದು. ನಮ್ಮ ಮನೆ ಸೋರಿದುದೇಕೆಂದು ಅಣ್ಣನ ಮಗನನ್ನು ಕೇಳಿದೆನು. "ಮಾಲು ಕಲಿಸುವಾಗ ನೀರೆಷ್ಟು ಹಾಕಿದ್ರಿ ಕಾಕಾ?" ಎಂದನು. ಅಳೆದವರಾರು! ಮಾಲು ಸಲೀಸಾಗಿ ಓಡಲೆಂದು ಗವಂಡಿಯು ಕೊಡಗಟ್ಟಲೆ ಸುರಿದಿದ್ದನು, ನಾನು ಶಾಲೆಯಲ್ಲಿದ್ದೆನು. ಮೇಲೆ ಮೂರೇ ದಿನ ನೀರುಣಿಸಿ ಕೈಬಿಟ್ಟಿದ್ದೆವು. ಹೆಚ್ಚಾದ ನೀರು ಆರಿ ಹೋದಲ್ಲಿ ಕಣ್ಣಿಗೆ ಕಾಣದ ರಂಧ್ರಗಳುಳಿಯುವವು. ಮಳೆಯು ಆ ದಾರಿಯಿಂದಲೇ ಇಳಿಯುವುದು. ಸೋರುವ ಮಾಳಿಗೆಯ ಮೇಲೆ ಮತ್ತೆ ಮತ್ತೆ ಗಿಲಾವು ಮಾಡಿಸಿ ನಾನು ಸುರಿದ ಸಿಮೆಂಟಿನ ಚೀಲಗಳ ಹೊಗೆಯೆಲ್ಲ ನನ್ನ ಅಜ್ಞಾನದ ಲೆಕ್ಕಕ್ಕೇ ಸೇರಬೇಕು.

ಆದುದರಿಂದ ಈ ಸಲ ನಾನೇ ಅಳತೆಯ ಕೊಡವನ್ನು ಹಿಡಿದು ನಿಂತೆನು. ಎಂ-20 ಎಂಬ ಸಾಮಾನ್ಯ ಮಿಶ್ರಣದಲ್ಲಿ 50 ಕಿಲೋದ ಚೀಲಕ್ಕೆ 30 ಲೀಟರು ನೀರನ್ನು ಮೀರಬಾರದೆಂಬುದು ನಿಯಮ. ಉಸುಕು ಒದ್ದೆಯಾಗಿದ್ದರೆ ಆ ನೀರೂ ಲೆಕ್ಕಕ್ಕೆ ಬರಬೇಕು. "ಮಾಸ್ತರ್ರ, ಇಷ್ಟ ನೀರಿಗೆ ಮಾಲು ಓಡೂದಿಲ್ರಿ" ಎಂದು ಗವಂಡಿಯು ಗೊಣಗಿದನು. "ಓಡೂದು ಬ್ಯಾಡಪ್ಪಾ, ನಿಂತರ ಸಾಕು" ಎಂದೆನು. ಹಾರುಬೂದಿಯ ಸಿಮೆಂಟಾದುದರಿಂದ ಹದಿನಾಲ್ಕು ದಿನ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಸೊಸೆಯು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಏರಿ ನೋಡುವಳು.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿರುವುದು, ಹುನಗುಂದದ ಕಡೆಯ ಐಹೊಳೆಯ ಮೇಗುತಿ ಜಿನಾಲಯವು 634ರದು. ಅವರಿಗೆ ಸಿಮೆಂಟೂ ಇರಲಿಲ್ಲ, ಗ್ರಾಫೀನೂ ಇರಲಿಲ್ಲ. ಅಳತೆ ಮತ್ತು ತಾಳ್ಮೆ ಇದ್ದವು. ನೂರು ವರ್ಷ ಬಾಳುವ ಮನೆಯು ಐವತ್ತು ವರ್ಷ ಬಾಳುವ ಎರಡು ಮನೆಗಳ ಹೊಗೆಯಲ್ಲಿ ಅರ್ಧವನ್ನು ಉಳಿಸುವುದು. ಪೆನ್ಸಿಲಿನ ಕಪ್ಪು ಬರುವಾಗ ಬರಲಿ, ಅದಕ್ಕೆ ಸ್ವಾಗತವುಂಟು. ಅಲ್ಲಿಯವರೆಗೆ ಮನೆ ಕಟ್ಟಿಸುವ ಗೃಹಸ್ಥನು ನೀರಿನ ಕೊಡವನ್ನು ಅಳೆಯಲಿ. ನಮ್ಮ ತಾಯಿಯವರ ತಪ್ಪೇಲಿ ಇನ್ನೂ ದೇವರ ಕೋಣೆಯಲ್ಲಿಯೇ ಇರುವುದು. ಮುಂದಿನ ಮಳೆಗಾಲ ಕಳೆದ ಮೇಲೆ ಅದನ್ನು ಅಡಿಗೆಮನೆಗೆ ಕೊಡಬೇಕೆಂದಿರುವೆನು.